ಡಬ್ಬಿಗೊಂದು ಕರಡದ ಕೊಟ್ಟೆ

ಬೆಟ್ಟದ ಸದ್ದು ದಾಖಲಿಸಲೆಂದು ಹನ್ನೊಂದು ದಿನ ಕಿಂದಳದ ಮರಕ್ಕೆ ಕಟ್ಟಿದ್ದ ಡಬ್ಬಿಯನ್ನು ಬಿಚ್ಚಿದಾಗ ಒಳಗೆ ನೀರಿತ್ತು. ಜಾಸ್ತಿ ಅಲ್ಲ, ಒಂದು ಚಮಚದಷ್ಟು. ಹಾಳು ಮಾಡಲು ಅಷ್ಟೇ ಸಾಕಾಗಿತ್ತು. ಸೆಲ್ ಕೂರುವ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು. ಮೆಮೊರಿ ಕಾರ್ಡ್ ಹೊರಗೆ ತೆಗೆದರೆ ಬೆರಳಿಗೆ ತೇವ ಅಂಟಿತು. ಮನೆಗೆ ತಂದು ಕಾರ್ಡ್ ಒರೆಸಿ ಲ್ಯಾಪ್‌ಟಾಪಿಗೆ ಹಾಕಿದೆ. ಮೊದಲ ಆರು ದಿನದ ಸದ್ದು ಸಿಕ್ಕಿತು. ಆಮೇಲೆ ಏನೂ ಇಲ್ಲ. ಸಿಕ್ಕಿದ ಆರು ದಿನದಲ್ಲೂ ಕೇಳಿದ್ದು ಒಂದೇ, ಪೈಪಿನ ಮೇಲೆ ಹನಿ ಬೀಳುವ ಟಪ ಟಪ.

ಈ ಡಬ್ಬಿ ಯಾಕೆ ಬೇಕಾಯಿತು ಅಂತ ಮೊದಲು ಹೇಳುತ್ತೇನೆ. ಶಿರಸಿಯಿಂದ ದೇವಿಮನೆ ಘಟ್ಟದ ಕಡೆ ಹೋಗುವಾಗ ಸಿಗುವ ಊರು ನಮ್ಮದು. ಅಡಿಕೆ ತೋಟ, ಅದರ ತಲೆಯ ಮೇಲೆ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ ಇದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ತೋಟಕ್ಕೆ ಹಾಕಲು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕು ನಮ್ಮದು, ಕಾಡು ಸರಕಾರದ್ದು. ಮತ್ತಿ, ಕಿಂದಳ, ನೇರಲೆ, ಹಳ್ಳದ ಬದಿಗೆ ಗುಳಮಾವು, ಉಪ್ಪಗೆ, ನಾಲ್ಕಾರು ರಾಮಪತ್ರೆ. ಸಾಲ್ಕಣಿ ಇಲ್ಲಿಂದ ದೂರವೇನಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಅಪ್ಪಿಕೋ ಚಳವಳಿ ಶುರುವಾದದ್ದು ಅಲ್ಲಿಯ ಕಾಡಿನಲ್ಲಿ. ಮರ ಅಪ್ಪಿಕೊಂಡು ಉಳಿಸಿದ ಹಿರಿಯರನ್ನು ನೋಡುತ್ತಾ ಬೆಳೆದವರು ನಾವು. ಮರದ ಲೆಕ್ಕ ನಮ್ಮಲ್ಲಿ ಬಹಳ ಜನರಿಗೆ ಬಾಯಿಗೇ ಬರುತ್ತದೆ. ಆದರೆ ಮರದ ಮೇಲೆ, ಬುಡದಲ್ಲಿ, ಹಳ್ಳದ ಬದಿಯಲ್ಲಿ ಯಾರಿದ್ದಾರೆ ಅನ್ನುವುದು? ಬೇಸಿಗೆಯಲ್ಲಿ ಸ್ವಲ್ಪ ಗೊತ್ತು. ಮಳೆಗಾಲದಲ್ಲಿ ಏನೇನೂ ಗೊತ್ತಿಲ್ಲ.

ಗೊತ್ತಿಲ್ಲದಿರಲು ಕಾರಣವೂ ಇದೆ. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ಇದು, ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ಮಂಜು ಕವಿದರೆ ಹತ್ತು ಮಾರು ಆಚೆ ಕಾಣುವುದಿಲ್ಲ. ನಿಂತ ಕಡೆ ಉಂಬಳ (ಜಿಗಣೆ) ಹತ್ತುತ್ತದೆ. ದುರ್ಬೀನಿನ ಗಾಜಿಗೆ ಹಬೆ ಹಿಡಿಯುತ್ತದೆ. ಕಣ್ಣು ಕೆಲಸ ಮಾಡದ ಜಾಗ ಅದು. ಕಿವಿ ಮಾತ್ರ ಮಾಡುತ್ತದೆ, ಅಲ್ವಾ? ಅದಕ್ಕೇ, ತಾನಾಗಿ ಸದ್ದು ಹಿಡಿಯುವ ಯಂತ್ರ ಕಟ್ಟೋಣ ಅಂದುಕೊಂಡೆ.

ಮೊದಲ ಡಬ್ಬಿ

ಯಂತ್ರದ ಹೆಸರು ಆಡಿಯೋಮಾತ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, 58 ಮಿಲಿಮೀಟರ್ ಉದ್ದ, 48 ಅಗಲ. ಬೆನ್ನಿಗೆ ಮೂರು ಎಎ ಸೆಲ್, ಮಗ್ಗುಲಲ್ಲಿ ಮೈಕ್ರೋ ಎಸ್‌ಡಿ ಕಾರ್ಡ್, ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಮೈಕ್. ಎಷ್ಟು ಹೊತ್ತಿಗೆ ಎಚ್ಚರವಾಗಬೇಕು, ಎಷ್ಟು ನಿಮಿಷ ದಾಖಲಿಸಬೇಕು ಅನ್ನುವುದನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಹೇಳಿಕೊಟ್ಟರೆ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ನನಗೆ ಸಿಕ್ಕಿದ್ದು ಕವಚ ಇಲ್ಲದ ಬರಿಯ ಬೋರ್ಡು. ಬೆಂಗಳೂರಿನ ಗೆಳೆಯರೊಬ್ಬರು ಎರಡು ಕೊಟ್ಟರು.

ಕವಚಕ್ಕೆ ತೋಟದ ಮನೆಯಲ್ಲಿ ಬಿದ್ದಿದ್ದ ನಾಲ್ಕು ಇಂಚಿನ ಪಿವಿಸಿ ಪೈಪು ತೆಗೆದುಕೊಂಡೆ. ಒಂದು ಗೇಣು ಕತ್ತರಿಸಿ ಎರಡು ಕಡೆ ಮುಚ್ಚಳ. ಮೈಕಿನ ಎದುರಿಗೆ ಪೈಪಿನ ಮಗ್ಗುಲಲ್ಲಿ 6 ಮಿಲಿಮೀಟರಿನ ತೂತು. ತೂತಿಗೆ ಒಳಗಿನಿಂದ ತೆಳು ಪೊರೆಯ ಸ್ಟಿಕರ್. ಈ ಪೊರೆ ಸದ್ದನ್ನೂ ಗಾಳಿಯನ್ನೂ ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ಪೈಪಿನ ಗಮ್ ಹಚ್ಚುವವರು ಒಂದು ಮಾತು ನೆನಪಿಡಿ. ಗಮ್ ಪೂರ್ತಿ ಒಣಗಿ ವಾಸನೆ ಹೋಗುವವರೆಗೂ ಬೋರ್ಡನ್ನು ಒಳಗೆ ಇಡಬೇಡಿ. ಅದರ ಆವಿ ಮೈಕಿಗೆ ಒಳ್ಳೆಯದಲ್ಲ.

ಮೇ ಕೊನೆಗೆ ಪರೀಕ್ಷೆಗೆಂದು ಜಗುಲಿಯ ಮಾಡಿಗೆ ಎರಡು ದಿನ ನೇತುಹಾಕಿದೆ. ಎರಡನೇ ದಿನವೇ ಕುಂಬಾರ ಹುಳ ಬಂದು ತೂತಿಗೆ ಮಣ್ಣು ಮೆತ್ತಿತ್ತು. ಮಣ್ಣು ಕೆರೆದು, ಹಳೆಯ ಟೀ ಸೋಸುವ ಜಾಲರಿಯಿಂದ ಒಂದು ತುಂಡು ಕತ್ತರಿಸಿ ತೂತಿನ ಮೇಲೆ ಕೂರಿಸಿದೆ.

ಆ ಎರಡು ದಿನದ ದಾಖಲೆಯಲ್ಲಿ ಇನ್ನೊಂದು ತಪ್ಪು ಕಂಡಿತು. ಬೆಳಿಗ್ಗೆ 5:45ಕ್ಕೆ ಶುರುವಾಗಲಿ ಅಂತ ಹೇಳಿದ್ದೆ. ಕೇಳಿದರೆ ಒಗ್ಗರಣೆಯ ಸದ್ದು, ನಮ್ಮ ಮನೆಯವರ ಮಾತು. ಯಂತ್ರ ಗ್ರೀನಿಚ್ ಸಮಯ ಹಿಡಿದುಕೊಂಡಿತ್ತು. ನಮಗೂ ಅದಕ್ಕೂ ಐದೂವರೆ ತಾಸು ವ್ಯತ್ಯಾಸ. 5:45 ಅಂದದ್ದು ಇಲ್ಲಿ 11:15 ಆಗಿತ್ತು. ಹೊಂದಿಸುವ ಆ್ಯಪ್‌ನಲ್ಲಿ ಸ್ಥಳೀಯ ಸಮಯ ಅನ್ನುವ ಆಯ್ಕೆ ಇದೆ, ಅದನ್ನು ಒತ್ತಬೇಕು. ಸೆಲ್ ತೆಗೆದರೆ ಗಡಿಯಾರವೂ ಹೋಗುತ್ತದೆ. ಸೆಲ್ ಬದಲಿಸಿದಾಗಲೆಲ್ಲ ಲ್ಯಾಪ್‌ಟಾಪಿಗೆ ಜೋಡಿಸಿ ಸಮಯ ಕೊಡಲೇಬೇಕು. ಮರಕ್ಕೆ ಕಟ್ಟುವ ಮೊದಲು ಗೊತ್ತಾದದ್ದು ಒಳ್ಳೆಯದೇ ಆಯಿತು.

ಬೆಟ್ಟ ನಮ್ಮ ಬಳಕೆಯದ್ದಾದರೂ ಅರಣ್ಯ ಭೂಮಿ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು, ಒಪ್ಪಿಗೆ ಪಡೆದು ಕಟ್ಟಿದೆ. ಅಕ್ಕಪಕ್ಕದ ಮನೆಯವರಿಗೂ ಹೇಳಿ ಬಂದೆ. ಬೆಟ್ಟದಲ್ಲಿ ಓಡಾಡುವವರ ಮಾತು ದಾಖಲಾದರೆ ಆ ತುಣುಕನ್ನು ಅಳಿಸುತ್ತೇನೆ ಅಂತ ಮಾತು ಕೊಟ್ಟೆ. ಇದು ಮುಖ್ಯ. ಸೊಪ್ಪು ತರಲು ಹೋದವರು ಮನೆಯ ಕಷ್ಟಸುಖ ಮಾತಾಡಿಕೊಳ್ಳುವ ಜಾಗ ಅದು.

ಆರಿದ್ರೆ ಮಳೆ, ಕಿಲುಬು

ಆರಿದ್ರೆ ಹುಟ್ಟಿದ ದಿನ ಕಟ್ಟಿದ್ದು. ಹನ್ನೊಂದನೇ ದಿನಕ್ಕೆ ಬಿಚ್ಚಿದಾಗ ಕಂಡದ್ದನ್ನು ಮೊದಲೇ ಹೇಳಿದೆ.

ನೀರು ಎಲ್ಲಿಂದ ಬಂತು? ಮೊದಲು ಪೊರೆ ಹರಿದಿರಬೇಕು ಅಂದುಕೊಂಡೆ. ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದರೆ ಒಂದು ಗುಳ್ಳೆಯೂ ಬರಲಿಲ್ಲ. ಹೊರಗಿನ ಮಳೆ ಒಳಗೆ ಹೋಗಿರಲೇ ಇಲ್ಲ. ಮಳೆ ಹಿಡಿದ ದಿನ, ಒದ್ದೆ ಗಾಳಿಯಲ್ಲಿ ನಾನು ಮುಚ್ಚಳ ಹಾಕಿದ್ದೆ. ಆ ಗಾಳಿಯೇ ರಾತ್ರಿ ತಣಿದು ಪೈಪಿನ ಗೋಡೆಗೆ ಬೆವರಾಗಿ ಕೂತಿತ್ತು. ಅದರ ಜೊತೆಗೆ ಪೊರೆಯ ಮೂಲಕ ದಿನವೂ ಸ್ವಲ್ಪ ಸ್ವಲ್ಪ ತೇವದ ಗಾಳಿ ಒಳಗೆ ಸೇರಿದೆ. ಪೊರೆ ನೀರಿನ ಹನಿಯನ್ನು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ.

ದುರಸ್ತಿಗೆ ಒಂದು ಮಧ್ಯಾಹ್ನ ಹಿಡಿಯಿತು. ಒಂದು ಸೆಲ್ ಸೋರಿ ಬಿಳಿ ಪುಡಿ ಕಟ್ಟಿತ್ತು. ಸೋರುವ ದ್ರವ ಕ್ಷಾರ, ಅದನ್ನು ಹುಳಿಯಿಂದ ಕಡಿಯಬೇಕು. ಹತ್ತಿ ಕಡ್ಡಿಗೆ ಒಂದೆರಡು ಹನಿ ವಿನೆಗರ್ ಹಾಕಿ ಸ್ಪ್ರಿಂಗಿಗೆ ಮಾತ್ರ ತಾಗಿಸಿದೆ. ಸಣ್ಣಗೆ ನೊರೆ ಬಂತು. ನೊರೆ ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳೆಯ ಟೂತ್‌ಬ್ರಶ್ಶಿನಿಂದ ಬೋರ್ಡಿನ ಎರಡೂ ಮುಖ ತಿಕ್ಕಿದೆ. ಮೈಕಿನ ತೂತಿಗೆ ಏನೂ ತಾಗದ ಹಾಗೆ ಟೇಪ್ ಅಂಟಿಸಿಕೊಂಡಿದ್ದೆ. ಮೈಕಿಗೆ ದ್ರವ ಹೋದರೆ ಅದು ಮತ್ತೆ ಬದುಕುವುದು ಕಷ್ಟ. ಸ್ಪ್ರಿಂಗಿನ ಕಿಲುಬನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದೆ. ರಾತ್ರಿಯಿಡೀ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ಬೆಚ್ಚಗಿನ ಜಾಗದಲ್ಲಿ ಇಟ್ಟೆ. ಬೆಳಿಗ್ಗೆ ಸೆಲ್ ಹಾಕಿದರೆ ಹಸಿರು ದೀಪ ಮಿನುಗಿತು. ಆ ಮಿನುಗು ನೋಡಿ ಆದ ಸಂತೋಷ ಇನ್ನೂ ನೆನಪಿದೆ.

ಅಂದಿನಿಂದ ಒಂದು ಕ್ರಮ ಮಾಡಿಕೊಂಡೆ. ಪೈಪು, ಬೋರ್ಡು, ಸೆಲ್ ಎಲ್ಲವನ್ನೂ ಅಟ್ಟದಲ್ಲಿ ಬೆಚ್ಚಗೆ ಮಾಡಿ, ಅಲ್ಲೇ ಮುಚ್ಚಳ ಹಾಕುವುದು. ಒಳಗೆ ಎರಡು ಪೊಟ್ಟಣ ಸಿಲಿಕಾ ಜೆಲ್. ಬಣ್ಣ ಬದಲಾದರೆ ಕಬ್ಬಿಣದ ಬಾಂಡ್ಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಬಳಸಬಹುದು. ನೀಲಿ ಬಣ್ಣದ್ದನ್ನು ತರಬೇಡಿ. ಅದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದು ಸಿಗುತ್ತದೆ. ಯಾವುದೇ ಆದರೂ ಅಡುಗೆಯ ಪಾತ್ರೆಯಲ್ಲಿ ಬೇಡ, ಒಂದು ಹಳೆಯ ಬಾಂಡ್ಲೆಯನ್ನು ಇದಕ್ಕೇ ಅಂತ ಇಟ್ಟುಕೊಳ್ಳಿ.

ಹನಿಯ ಸದ್ದು

ತೇವದ ಸಮಸ್ಯೆ ಹೋಯಿತು. ಟಪ ಟಪ ಹೋಗಲಿಲ್ಲ.

ಸದ್ದನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್ ಇದೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ವರದ ಎತ್ತರ. ಹಕ್ಕಿಯ ಕೂಗು ಅದರಲ್ಲಿ ಬಳ್ಳಿಯ ಹಾಗೆ ಬಾಗಿ ಕಾಣುತ್ತದೆ. ಪೈಪಿಗೆ ಬಿದ್ದ ಹನಿ ಮಾತ್ರ ಕೆಳಗಿಂದ ಮೇಲಿನವರೆಗೆ ಒಂದೇ ಗೆರೆ. ಎಲ್ಲ ಎತ್ತರದಲ್ಲೂ ಒಟ್ಟಿಗೇ ಸದ್ದು. ಅದರಡಿ ಏನಿದ್ದರೂ ಮುಚ್ಚಿಹೋಗುತ್ತದೆ. ನನ್ನ ಆರು ದಿನದ ಚಿತ್ರ ನೋಡಿದರೆ ದಟ್ಟವಾದ ಬಿದಿರು ಬೇಲಿಯ ಹಾಗಿತ್ತು.

ಮೊದಲು ಅಡಿಕೆ ಹಾಳೆ ಹೊದಿಸಿದೆ. ಒಣ ಹಾಳೆಯ ಮೇಲೆ ಹನಿ ಬಿದ್ದರೆ ಡೋಲು ಬಾರಿಸಿದ ಹಾಗೆ. ನೆನೆದ ಮೇಲೆ ಸ್ವಲ್ಪ ಮೆತ್ತಗಾಯಿತು, ಆದರೂ ಪಟ್ ಪಟ್ ನಿಲ್ಲಲಿಲ್ಲ. ಸ್ಪಂಜಿನ ಹಾಳೆ ಕಟ್ಟಿದೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ನೀರು ಕುಡಿದು ಜೋತು ಬಿತ್ತು.

ದಾರಿ ತೋರಿಸಿದವರು ನಮ್ಮ ಪಕ್ಕದ ಮನೆಯ ಅಜ್ಜ. ಹಿಂದೆ ಅವರು ಅಡಿಕೆ ಗೊನೆಗೆ, ನಮ್ಮ ಮಾತಿನಲ್ಲಿ ಕೊನೆಗೆ, ಕೊಟ್ಟೆ ಕಟ್ಟುತ್ತಿದ್ದವರು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಿಸುವುದು ಮನೆಮನೆಗೂ ಬರುವ ಮೊದಲು, ಅಡಿಕೆ ಕೊನೆಗೆ ಮಳೆ ತಾಗದ ಹಾಗೆ ಬೇಣದ, ಅಂದರೆ ಹುಲ್ಲುಗಾವಲಿನ, ಕರಡ ಹುಲ್ಲಿನಿಂದ ಟೊಪ್ಪಿ ಹೆಣೆದು ಕಟ್ಟುತ್ತಿದ್ದರು. ನನ್ನ ಡಬ್ಬಿಯನ್ನು ತಿರುಗಿಸಿ ನೋಡಿ ಅವರು ಕೇಳಿದ್ದು ಇಷ್ಟೇ, "ಇದಕ್ಕೂ ಒಂದು ಕೊಟ್ಟೆ ಕಟ್ಟಿದರೆ ಆಗದಾ?"

ಅಟ್ಟದಲ್ಲಿ ಕರಡ ಇತ್ತು. ಅವರು ಹೆಣೆಯುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಒಂದು ಹಿಡಿ ಕರಡವನ್ನು ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡರು. ತುದಿ ಎಲ್ಲ ಒಂದೇ ಕಡೆ ಬರುವ ಹಾಗೆ ತಟ್ಟಿ ಸಮ ಮಾಡಿ, ಬುಡವನ್ನು ಬಿಗಿಯಾಗಿ ಕಟ್ಟಿದರು. ಆಮೇಲೆ ಗಂಟನ್ನು ಮೇಲೆ ಹಿಡಿದು ಹುಲ್ಲನ್ನು ಸುತ್ತಲೂ ಕೊಡೆಯ ಹಾಗೆ ಬಿಡಿಸಿದರು. ಒಂದು ಗೇಣಿಗೊಂದು ಸುತ್ತು ದಾರ. ಎಳೆ ಎಳೆಯೂ ಇಳಿಜಾರಾಗಿರಬೇಕು, ಒಂದು ಎಳೆ ಅಡ್ಡ ಬಿದ್ದರೂ ನೀರು ಅಲ್ಲಿಂದ ಒಳಗೆ ಇಳಿಯುತ್ತದೆ ಅಂತ ಹೇಳುತ್ತಾ ಬೆರಳಿನಿಂದ ಬಾಚಿದರು. ಅರ್ಧ ತಾಸಿನ ಕೆಲಸ. ಅವರ ಕೈಗೆ ಅದು ಮರೆತೇ ಇರಲಿಲ್ಲ.

ಅಂಗಳದಲ್ಲಿ ಮೂರನ್ನೂ ಒಂದಾದ ಮೇಲೊಂದರಂತೆ ಒಂದೇ ಮಳೆಗೆ ಪರೀಕ್ಷೆ ಮಾಡಿದೆ. ಬರಿಯ ಪೈಪು, ಹಾಳೆ, ಕೊಟ್ಟೆ. ಕೊಟ್ಟೆಯ ಕೆಳಗಿನ ದಾಖಲೆಯಲ್ಲಿ ಬೇಲಿಯಂಥ ಗೆರೆಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹನಿ ಹುಲ್ಲಿನ ಎಳೆಗೆ ತಾಗಿ ಒಡೆದು, ಸದ್ದಿಲ್ಲದೆ ಜಾರಿಹೋಗುತ್ತದೆ. ಸುತ್ತಲಿನ ಮಳೆಯ ಸದ್ದು ಇದ್ದೇ ಇರುತ್ತದೆ, ಅದು ಬೆಟ್ಟದ ಸದ್ದು. ಡಬ್ಬಿಯ ಸದ್ದು ಮಾತ್ರ ಹೋಯಿತು.

ಒಂದು ವಿಷಯ ಗಮನಿಸಬೇಕು. ಕೊಟ್ಟೆ ಪೈಪಿಗೆ ತಾಗಬಾರದು. ನಾಲ್ಕು ಬೆರಳು ಅಂತರ ಬೇಕು. ಬಿದಿರಿನ ಎರಡು ದಬ್ಬೆ ಬಗ್ಗಿಸಿ ಕಮಾನು ಮಾಡಿ ಅದರ ಮೇಲೆ ಕೂರಿಸಿದೆ. ತೂತನ್ನೂ ಮಗ್ಗುಲಿನಿಂದ ತೆಗೆದು ಕೆಳಗಿನ ಮುಚ್ಚಳಕ್ಕೆ ಬದಲಾಯಿಸಿದೆ, ಪೈಪನ್ನು ನೆಟ್ಟಗೆ ನೇತುಹಾಕಿದೆ. ಈಗ ಜಾಲರಿಯ ಮೇಲೆ ನೀರು ನಿಲ್ಲುವುದಿಲ್ಲ.

ಪುನರ್ವಸು, ಮತ್ತೆ ಮರಕ್ಕೆ

ಮೊಳೆ ಹೊಡೆಯಲಿಲ್ಲ. ಸೈಕಲ್ ಟ್ಯೂಬಿನ ಪಟ್ಟಿ, ಎದೆಯೆತ್ತರಕ್ಕೆ. ಮೊದಲ ಸಲ ಹಳ್ಳದ ಪಕ್ಕದಲ್ಲೇ ಕಟ್ಟಿ ತಪ್ಪು ಮಾಡಿದ್ದೆ, ಹನಿಯ ಟಪ ಟಪ ಇಲ್ಲದಿದ್ದರೂ ಅಲ್ಲಿ ನೀರಿನ ಮೊರೆತ ಬಿಟ್ಟರೆ ಬೇರೆ ಸದ್ದು ಬರುತ್ತಿರಲಿಲ್ಲ. ಈಗ ಇಪ್ಪತ್ತು ಮಾರು ಮೇಲೆ, ಮರದ ಕಾಂಡ ಹಳ್ಳಕ್ಕೆ ಅಡ್ಡವಾಗುವ ಹಾಗೆ ಕಟ್ಟಿದೆ.

ಕೆಳಸ್ವರಗಳನ್ನು ಸೋಸಿ ತೆಗೆಯುವ ಆಯ್ಕೆಯೂ ಯಂತ್ರದಲ್ಲಿದೆ. ಹಳ್ಳದ ಮೊರೆತ ಕಡಿಮೆಯಾಗುತ್ತದೆ ಅಂತ ಆಸೆಯಾಯಿತು. ಬಳಸಲಿಲ್ಲ. ದೊಡ್ಡ ಮಂಗಟ್ಟೆಯ (ದೊಡ್ಡ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿ) ಕೂಗು ಅದೇ ಕೆಳಸ್ವರದಲ್ಲಿ ಇರುತ್ತದೆ, ಮೊರೆತದ ಜೊತೆ ಅದೂ ಹೋಗಿಬಿಡುತ್ತದೆ. ಉತ್ತರ ಕನ್ನಡದಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಅದರಲ್ಲಿ ಒಂದಾದರೂ ನಮ್ಮ ಬೆಟ್ಟದ ಟೊಳ್ಳು ಮರವನ್ನು ಬಳಸುತ್ತಿದೆಯಾ ಅನ್ನುವುದು ನನ್ನ ದೊಡ್ಡ ಪ್ರಶ್ನೆಯಾಗಿತ್ತು. ಸಿಂಗಳೀಕ ನಮ್ಮ ಕಡೆ ಬರುವುದಿಲ್ಲ. ಅವು ಅಘನಾಶಿನಿ ಕಣಿವೆಯ ದಟ್ಟ ಕಾಡಿನವು. ಅವುಗಳಿಗೆಂದೇ 2011ರಲ್ಲಿ ಅಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ.

ಸಮಯ ಹೀಗೆ. ಬೆಳಿಗ್ಗೆ 5:45ರಿಂದ 7:45, ರಾತ್ರಿ 7ರಿಂದ 10. ಪ್ರತಿ ಐದು ನಿಮಿಷಕ್ಕೆ ಒಂದು ನಿಮಿಷ ದಾಖಲೆ. ದಿನಕ್ಕೆ 60 ನಿಮಿಷ. ಸೆಕೆಂಡಿಗೆ 48,000 ಮಾದರಿಯಂತೆ ತೆಗೆದರೆ ಒಂದು ನಿಮಿಷಕ್ಕೆ 5.76 ಎಂಬಿ, ದಿನಕ್ಕೆ 346 ಎಂಬಿ. 32 ಜಿಬಿ ಕಾರ್ಡು ಮೂರು ತಿಂಗಳಿಗೆ ಸಾಕು. ನಾನು ಮಾತ್ರ ಹದಿನೈದು ದಿನಕ್ಕೊಮ್ಮೆ ಹೋಗಿ ಕಾರ್ಡ್ ಬದಲಿಸಿದೆ. ಒಂದು ಸಲ ಕಳೆದುಕೊಂಡ ಮೇಲೆ ಮೂರು ತಿಂಗಳು ಕಾಯುವ ಧೈರ್ಯ ಬರಲಿಲ್ಲ.

ಕೇಳಿದ್ದು

ಪುಷ್ಯ ಮಳೆ ಹಿಡಿದುಕೊಂಡಿದ್ದ ಒಂದು ಬೆಳಗಿನ ದಾಖಲೆ. ಮೊದಲ ನಿಮಿಷ ಬರೀ ಮಳೆ. ಮುಂದಿನದರಲ್ಲಿ ಮಳೆಯ ನಡುವೆಯೇ ಸಿಳ್ಳೆ. ದಾರಿಯಲ್ಲಿ ಹೋಗುವ ಹುಡುಗ ಯಾವುದೋ ಹಾಡನ್ನು ಅರ್ಧ ನೆನಪು ಮಾಡಿಕೊಂಡು ಸಿಳ್ಳೆ ಹಾಕಿದ ಹಾಗೆ. ಮಲಬಾರ್ ವಿಸ್ಲಿಂಗ್ ಥ್ರಶ್. ಹಳ್ಳದ ಬಂಡೆಯ ಹಕ್ಕಿ. ಅದು ನಮ್ಮ ಬೆಟ್ಟದಲ್ಲಿ ಮಳೆಗಾಲ ಪೂರ್ತಿ ಹಾಡುತ್ತದೆ ಅಂತ ನನಗೆ ಆವತ್ತು ಗೊತ್ತಾಯಿತು. ಮನೆಯಿಂದ ನಾಲ್ಕು ನೂರು ಹೆಜ್ಜೆ ದೂರ.

ಹೆಸರು ಗುರುತಿಸಲು ಬರ್ಡ್‌ನೆಟ್ ಅನ್ನುವ ಸಾಫ್ಟ್‌ವೇರ್ ಬಳಸಿದೆ. ಅದು ಸದ್ದನ್ನು ಮೂರು ಮೂರು ಸೆಕೆಂಡಿಗೆ ತುಂಡು ಮಾಡಿ, ಪ್ರತಿ ತುಂಡಿಗೂ ಹಕ್ಕಿಯ ಹೆಸರು ಮತ್ತು ಅದು ಎಷ್ಟು ಖಚಿತ ಅನ್ನುವ ಒಂದು ಅಂಕ ಕೊಡುತ್ತದೆ. ಸಹಾಯ ಬಹಳ, ಆದರೆ ಸುಮ್ನೆ ನಂಬಬಾರದು. ಮರಗಪ್ಪೆಯ ಟಿಕ್ ಟಿಕ್ ಸದ್ದಿಗೆ ಹಕ್ಕಿಯ ಹೆಸರು ಕೊಟ್ಟಿತ್ತು. ಕಾಜಾಣ ಬೇರೆ ಹಕ್ಕಿಗಳ ಕೂಗನ್ನೆಲ್ಲ ಅಣಕಿಸುತ್ತದೆ. ಒಂದೇ ಕಾಜಾಣ ಹಾಡಿದ ನಿಮಿಷಕ್ಕೆ ಐದು ಹಕ್ಕಿಗಳ ಪಟ್ಟಿ ಬಂತು. ನಾನು ಮಾಡಿಕೊಂಡ ನಿಯಮ ಒಂದೇ. ಚಿತ್ರದಲ್ಲಿ ಕಣ್ಣಿಗೆ ಕಂಡು, ಕಿವಿಗೆ ಕೇಳಿ, ಎರಡೂ ಒಪ್ಪಿದರೆ ಮಾತ್ರ ಪುಸ್ತಕದಲ್ಲಿ ಬರೆಯುವುದು. ಅನುಮಾನ ಇದ್ದರೆ ಅನುಮಾನ ಅಂತಲೇ ಬರೆಯುವುದು.

ಮಲಬಾರ್ ಬೂದು ಮಂಗಟ್ಟೆಯ ಗಹಗಹ ನಗುವಿನಂಥ ಕೂಗು ಹದಿನೇಳು ಬೆಳಗಿನಲ್ಲಿ ಸಿಕ್ಕಿತು. ದೊಡ್ಡ ಮಂಗಟ್ಟೆ ಒಂದು ದಿನವೂ ಇಲ್ಲ. ಕುಟುರ, ಕಾಜಾಣ ದಿನವೂ ಇವೆ. ಬೆಟ್ಟದ ಕೆಳ ಅಂಚಿನಿಂದ, ಹೊಸದಾಗಿ ಬಯಲಾದ ಜಾಗದ ಕಡೆಯಿಂದ ನವಿಲಿನ ಕೂಗು. ಅದನ್ನು ಬರೆಯುವಾಗ ಮನಸ್ಸಿಗೆ ಸರಿ ಬರಲಿಲ್ಲ. ಒಣಗಿದ, ಬಯಲಾದ ಜಾಗ ಇಷ್ಟಪಡುವ ಹಕ್ಕಿ ಅದು.

ರಾತ್ರಿಯ ದಾಖಲೆ ಕಪ್ಪೆಗಳದ್ದೇ. ಅದರಲ್ಲಿ ಒಂದು ಸದ್ದು ನನ್ನನ್ನು ಹಿಡಿದು ನಿಲ್ಲಿಸಿತು. ಕೋಲಿನಿಂದ ಮರ ಕುಟ್ಟಿದ ಹಾಗೆ, ಟೊಕ್. ಸ್ವಲ್ಪ ಬಿಟ್ಟು ಮತ್ತೆ ಟೊಕ್. ಹಳ್ಳದ ಕಡೆಯಿಂದ.

ಕುಂಬಾರ ಕಪ್ಪೆ ಇರಬಹುದಾ ಅನ್ನಿಸಿತು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಕಂಡ ಕಪ್ಪೆ ಅದು. ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಜಾತಿ ಅಂತ ವಿವರಿಸಿ, ಕನ್ನಡದ ಕುಂಬಾರ ಅನ್ನುವ ಹೆಸರನ್ನೇ ವಿಜ್ಞಾನದ ಹೆಸರಿಗೂ ಇಟ್ಟರು. ಗಂಡು ಕಪ್ಪೆ ಹಳ್ಳದ ತಳದಿಂದ ಕೈಯಲ್ಲಿ ಕೆಸರು ತಂದು, ಹಿಂಗಾಲಿನ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ.

ಬರೀ ಸದ್ದಿನಿಂದ ಹೇಳುವುದು ಸರಿಯಲ್ಲ ಅಂತ ಒಂದು ರಾತ್ರಿ ಗಂಬೂಟು ಹಾಕಿಕೊಂಡು, ತಮ್ಮನನ್ನು ಕರೆದುಕೊಂಡು ಹೋದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆವು. ನೀರಿಗೆ ಕಾಲಿಡಲಿಲ್ಲ. ಸೆಳವಿಲ್ಲದ ಒಂದು ಮಡುವಿನ ಬದಿಯಲ್ಲಿ, ನೀರಿಗೆ ಒಂದು ಗೇಣು ಮೇಲೆ ಬಾಗಿದ ಕಡ್ಡಿಯೊಂದಕ್ಕೆ ಮಣ್ಣು ಮೆತ್ತಿತ್ತು. ಮಳೆಗೆ ಸಿಡಿದ ಮಣ್ಣಲ್ಲ ಅದು. ಕಡ್ಡಿಯ ಒಂದೇ ಕಡೆ, ಹೆಬ್ಬೆರಳಿನಷ್ಟು ಜಾಗದಲ್ಲಿ, ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ ಗುರುತು. ಅಂಚಿನಲ್ಲಿ ಮಣ್ಣು ತೆಳುವಾದ ಕಡೆ ಮೂರು ಮೊಟ್ಟೆ ಕಂಡವು. ಸಾಬಕ್ಕಿ ಬೆಂದಾಗ ಕಾಣುತ್ತದಲ್ಲ, ಹಾಗೆ, ನಡುವೆ ಒಂದು ಕಪ್ಪು ಚುಕ್ಕೆ. ಒಂದು ಫೋಟೋ ತೆಗೆದು, ಮುಟ್ಟದೆ ಹಿಂದೆ ಸರಿದೆವು. ಕತ್ತಲಲ್ಲಿ ನಿಂತಾಗ ಪಕ್ಕದ ಬೇರಿನ ಸಂದಿಯಿಂದ ಟೊಕ್ ಅಂತು. ತಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಫೋಟೋ ಮತ್ತು ಸದ್ದನ್ನು ಕಪ್ಪೆ ಬಲ್ಲವರಿಗೆ ಕಳಿಸಿದೆ, ಹೌದು ಅಂದರು.

ಆ ಕಡ್ಡಿ ಒಂದು ಗುಳಮಾವಿನ ಗಿಡದ್ದು. ಅದರ ಮೇಲಿನ ಮರಗಳಿಂದ ನಾವು ಪ್ರತಿ ವರ್ಷ ಸೊಪ್ಪು ಕಡಿಯುತ್ತಿದ್ದೆವು. ಬುಡದ ಗಿಡಗಂಟಿ ಸವರಿ ದರಕು ಗುಡಿಸುತ್ತಿದ್ದೆವು. ನೆರಳು ಹೋದರೆ ಮಡು ಬೇಗ ಬತ್ತುತ್ತದೆ, ಗಿಡ ಸವರಿದರೆ ಬಾಗಿದ ಕಡ್ಡಿಯೇ ಇರುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಫೋಟೋ ತೋರಿಸಿದೆ, ಇಯರ್‌ಫೋನು ಕೊಟ್ಟು ಸದ್ದು ಕೇಳಿಸಿದೆ. ಅಪ್ಪ ಎರಡು ಸಲ ಕೇಳಿದರು. ಹಳ್ಳದ ಎರಡೂ ದಡದಲ್ಲಿ ಹತ್ತು ಹತ್ತು ಮಾರು ಸೊಪ್ಪು ಕಡಿಯುವುದು ಬೇಡ, ದರಕನ್ನೂ ಗುಡಿಸುವುದು ಬೇಡ ಅಂತ ತೀರ್ಮಾನವಾಯಿತು. ಬೂದು ಮಂಗಟ್ಟೆ ಕೂಗುವ ಕಡೆ ಇರುವ ಟೊಳ್ಳು ಮತ್ತಿಮರವನ್ನೂ ಹಾಗೇ ಬಿಡುವುದು. ಸೊಪ್ಪಿಗೆ ಸ್ವಲ್ಪ ಕೊರತೆಯಾಗುತ್ತದೆ, ತೋಟದಲ್ಲಿ ಅಡಿಕೆ ಸೋಗೆಯನ್ನೇ ಕತ್ತರಿಸಿ ಮುಚ್ಚುತ್ತೇವೆ. ಗಡಿ ಗೊತ್ತಾಗಲು ಮರಗಳಿಗೆ ಸುಣ್ಣದ ಗುರುತು ಹಾಕಿ ಬಂದೆವು. ಪಕ್ಕದ ಬೆಟ್ಟದವರಿಗೂ ಸದ್ದು ಕೇಳಿಸಿದ್ದೇನೆ. ಅವರಲ್ಲಿ ಒಬ್ಬರು ತಮ್ಮ ಹಳ್ಳದಲ್ಲೂ ಒಂದು ಡಬ್ಬಿ ಕಟ್ಟಿ ನೋಡೋಣ ಅಂದಿದ್ದಾರೆ.

ಮೊದಲ ಕೊಟ್ಟೆ ಮಘೆ ಮಳೆಯ ಹೊತ್ತಿಗೆ ತುದಿಯಲ್ಲಿ ಕೊಳೆಯತೊಡಗಿತ್ತು. ಒಂದು ಮಳೆಗಾಲಕ್ಕೆ ಎರಡು ಬೇಕು ಅಂತ ಲೆಕ್ಕ ಸಿಕ್ಕಿತು. ಎರಡನೇ ಬೋರ್ಡಿಗೆ ಪೈಪು ಕತ್ತರಿಸಿ ಇಟ್ಟಿದ್ದೇನೆ. ಬೇಣದ ಕರಡ ಕೊಯ್ದು ಅಟ್ಟಕ್ಕೆ ಹಾಕಿಯಾಗಿದೆ, ನಾಲ್ಕು ಕೊಟ್ಟೆಗೆ ಆಗುವಷ್ಟು. ಈ ಸಲ ಹೆಣೆಯುವುದು ನಾನು. ಅಜ್ಜ ಪಕ್ಕದಲ್ಲಿ ಕೂತು ನೋಡುತ್ತೇನೆ ಅಂದಿದ್ದಾರೆ.